ಸಾಕಿದ ಹಾವು ಪೊರೆ ಬಿಡುವಾಗ

ಹಾವಿನ ಪೊರೆಯನ್ನು ಒಮ್ಮೆಯೂ ಕಾಣದವರು ನಮ್ಮ ಹಳ್ಳಿಗಳಲ್ಲಿ ವಿರಳ. ಹುತ್ತದ ಮಗ್ಗುಲಲ್ಲಿ, ಬೇಲಿಯ ಮುಳ್ಳಿನಲ್ಲಿ, ಕಲ್ಲುಗೋಡೆಯ ಸಂದಿನಲ್ಲಿ, ಬಣವೆಯ ಬುಡದಲ್ಲಿ ಅದು ಗಾಳಿಗೆ ಅಲುಗುತ್ತ ಬಿದ್ದಿರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ನಿರ್ಮೋಕವೆಂದೂ ಕಂಚುಕವೆಂದೂ ಹೆಸರುಂಟು. ಕಂಚುಕವೆಂದರೆ ಮೈಗೆ ತೊಡುವ ಅಂಗಿ. ಹಾವು ಹಳೆಯ ಅಂಗಿಯನ್ನು ಕಳಚಿಟ್ಟು ಹೊರಟುಹೋಯಿತೆಂಬ ಭಾವ. ಈ ಕೆಲಸವನ್ನು ಅದು ಯಾರ ನೆರವನ್ನೂ ಬೇಡದೆ ತಾನಾಗಿಯೇ ಮಾಡಿಕೊಳ್ಳುತ್ತದೆ. ಹೀಗಿರುವಲ್ಲಿ, ಪೊರೆ ಬಿಡುವ ಹಾವಿಗೆ ಮನುಷ್ಯನು ಮಾಡಬೇಕಾದ ಸಹಾಯವಾದರೂ ಏನು ಎಂದು ವಾಚಕರು ಕೇಳಬಹುದು.

ಅಮೆರಿಕೆಯ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿ ಸಂಸಾರ ಹೂಡಿರುವ ಕನ್ನಡ ಸೋದರಿಯೊಬ್ಬರು ಬರೆದ ಕಾಗದದಿಂದ ಈ ವಿಷಯವು ನಮ್ಮ ಮುಂದೆ ಬಂದಿತು. ಅವರ ಹಿರಿಯ ಮಗನು ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಾವನ್ನು ಸಾಕಿದ್ದಾನೆ. ಚಳಿಗಾಲದಲ್ಲಿ ಅದರ ಪೊರೆ ಎಂದಿನಂತೆ ಇಡಿಯಾಗಿ ಬರದೆ ತುಂಡುತುಂಡಾಗಿ ಬಂದಿತಂತೆ. ಬಾಲದ ತುದಿಯಲ್ಲಿ ಒಂದು ಉಂಗುರದಷ್ಟು ಹಳೆಯ ಚರ್ಮವೂ, ಒಂದು ಕಣ್ಣಿನ ಮೇಲೆ ಮಬ್ಬಾದ ಪೊರೆಯೂ ಉಳಿದುಕೊಂಡಿವೆಯಂತೆ. ಚಿಮಟದಿಂದ ಕಿತ್ತರೆ ಸರಿಹೋಗುತ್ತದೆಂದು ನೆರೆಯವರು ಹೇಳಿದ್ದಾರೆ, ಹುಡುಗನು ಅಳುತ್ತಿದ್ದಾನೆ, ಏನು ಮಾಡಬೇಕು ಎಂದು ಆಕೆ ಕೇಳಿದ್ದಾರೆ. ನಾವು ಮೊದಲು ಉತ್ತರವನ್ನು ಹೇಳಿ, ಕಾರಣಗಳನ್ನು ಆಮೇಲೆ ವಿವರಿಸುವೆವು. ಕಣ್ಣಿನ ಮೇಲಿರುವುದನ್ನು ಕೀಳಕೂಡದು. ಚಿಮಟವನ್ನು ಪೆಟ್ಟಿಗೆಯ ಹತ್ತಿರಕ್ಕೂ ತರಕೂಡದು. ತೇವ ಮತ್ತು ತಾಳ್ಮೆ, ಇವೆರಡೇ ಇದಕ್ಕೆ ಮದ್ದು.

ವಿಷಯವನ್ನು ಪ್ರವೇಶಿಸುವ ಮೊದಲು ನಾಡಿನ ವಾಚಕರಿಗೆ ಒಂದು ಮಾತು. ನಮ್ಮ ದೇಶದ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಕೇರೆಯಾಗಲಿ ನಾಗರವಾಗಲಿ ಹಸಿರು ಹಾವಾಗಲಿ, ಅವು ಇರಬೇಕಾದುದು ಹೊಲದಲ್ಲಿಯೂ ಕಾಡಿನಲ್ಲಿಯೂ ಹೊರತು ಪೆಟ್ಟಿಗೆಯಲ್ಲಲ್ಲ. ಅನ್ಯದೇಶದ ಪ್ರಾಣಿಗಳಲ್ಲಿಯೂ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದವನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಸರಕಾರದಲ್ಲಿ ನೋಂದಾಯಿಸತಕ್ಕದ್ದು. ಆದುದರಿಂದ ಈ ಲೇಖನವನ್ನು ಓದಿ ಯಾರೂ ಹಾವನ್ನು ಹಿಡಿಯಲು ಹೊರಡಬಾರದು. ಪರದೇಶಗಳಲ್ಲಿ ಕಾಯಿದೆಯ ಒಪ್ಪಿಗೆಯಿಂದ ಹಾವನ್ನು ಸಾಕಿರುವ ಮನೆಗಳಿಗೆ ಉಪಯೋಗವಾಗಲೆಂದೂ, ಉಳಿದವರಿಗೆ ಹಾವಿನ ವಿಷಯವಾಗಿ ನಾಲ್ಕು ನಿಜವಾದ ಸಂಗತಿಗಳು ತಿಳಿಯಲೆಂದೂ ಇದನ್ನು ಬರೆಯುತ್ತಿದ್ದೇವೆ.

ಅಮೆರಿಕೆಯ ಮನೆಗಳಲ್ಲಿ ಹೆಚ್ಚಾಗಿ ಸಾಕುವ ಹಾವುಗಳಲ್ಲಿ ಒಂದಕ್ಕೆ ಕಾರ್ನ್ ಹಾವು ಎಂದು ಹೆಸರು. ನಾವು ಮೆಕ್ಕೆಜೋಳದ ಹಾವು ಎನ್ನಬಹುದು. ಜೋಳದ ಕಣಜಗಳ ಬಳಿ ಇಲಿಗಳನ್ನು ಹುಡುಕಿ ಬರುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಕೆಲವರೂ, ಅದರ ಹೊಟ್ಟೆಯ ಮೇಲಿನ ಚೌಕುಳಿಗಳು ಬಣ್ಣಬಣ್ಣದ ಜೋಳದ ತೆನೆಯನ್ನು ಹೋಲುವುದರಿಂದ ಬಂದಿತೆಂದು ಇನ್ನು ಕೆಲವರೂ ಹೇಳುತ್ತಾರೆ. ಲಿನೇಯಸ್ ಪಂಡಿತನು 1766ರಲ್ಲಿಯೇ ಇದನ್ನು ವರ್ಣಿಸಿದ್ದನು. ಈಗಿನ ಶಾಸ್ತ್ರೀಯ ನಾಮ ಪ್ಯಾಂಥೆರೋಫಿಸ್ ಗಟ್ಟೇಟಸ್. ಇದಕ್ಕೆ ವಿಷವಿಲ್ಲ, ಇಲಿಯನ್ನು ಸುತ್ತಿ ಬಿಗಿದು ಕೊಂದು ನುಂಗುತ್ತದೆ. ಬೆಳೆದ ಹಾವು ಸಾಮಾನ್ಯವಾಗಿ 3ರಿಂದ 5 ಅಡಿ ಉದ್ದವಿರುತ್ತದೆ. ಚೆನ್ನಾಗಿ ಸಾಕಿದರೆ 15 ವರ್ಷಗಳಿಗೂ ಮೇಲ್ಪಟ್ಟು ಬದುಕುತ್ತದೆ. ಇದರ ತವರು ಫ್ಲಾರಿಡಾ, ಜಾರ್ಜಿಯಾ, ಕ್ಯಾರೊಲೈನಾಗಳನ್ನೊಳಗೊಂಡ ಆಗ್ನೇಯ ಪ್ರಾಂತ. ಅಲ್ಲಿಯ ಗಾಳಿಯಲ್ಲಿ ತೇವ ಹೆಚ್ಚು. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುವುದು.

ಚರ್ಮದ ಮೇಲ್ಪದರವನ್ನು ಕಳೆದುಕೊಳ್ಳುವುದು ಹಾವೊಂದೇ ಅಲ್ಲ. ನಮ್ಮ ಮೈಯಿಂದಲೂ ಅದು ದಿನದಿನವೂ ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರುತ್ತಿರುತ್ತದೆ. ಹಾವಿನಲ್ಲಾದರೋ ಹಳೆಯ ಪದರದ ಕೆಳಗೆ ಹೊಸ ಪದರವೊಂದು ಪೂರ್ಣವಾಗಿ ಸಿದ್ಧವಾಗುತ್ತದೆ. ಸಿದ್ಧವಾದ ತರುವಾಯ ಎರಡರ ನಡುವೆ ಒಂದು ದ್ರವವು ಒಸರಿ ಅವನ್ನು ಬೇರ್ಪಡಿಸುತ್ತದೆ. ಹೀಗೆ ಬೇರ್ಪಟ್ಟ ಹಳೆಯ ಪದರವು ಒಂದೇ ಸಲಕ್ಕೆ ಕಳಚಿ ಬೀಳುತ್ತದೆ. ಬೆಳೆಯುವ ಮರಿ 4ರಿಂದ 6 ವಾರಗಳಿಗೊಮ್ಮೆ ಪೊರೆ ಬಿಡುವುದುಂಟು. ಬೆಳೆದ ಹಾವು ವರ್ಷಕ್ಕೆ ಕೆಲವೇ ಸಲ ಬಿಡುತ್ತದೆ. ಮೈ ಬೆಳೆದು ಚರ್ಮ ಸಾಲದೆ ಹೋಗುವುದರಿಂದಲೇ ಪೊರೆ ಬಿಡುತ್ತದೆಂದು ಅನೇಕರು ಭಾವಿಸುತ್ತಾರೆ. ಇದು ಅರ್ಧ ಸತ್ಯ. ಬೆಳವಣಿಗೆ ನಿಧಾನವಾದ ಮೇಲೂ ಅದು ಪೊರೆ ಬಿಡುತ್ತಲೇ ಇರುತ್ತದೆ, ಏಕೆಂದರೆ ನೆಲದ ಮೇಲೆ ಹರಿದು ಹರಿದು ಚರ್ಮವು ಸವೆಯುತ್ತದೆ. ಗಾಯವಾದಾಗಲೂ ಬೇಗ ಬೇಗ ಬಿಡುವುದುಂಟು.

ಪೊರೆಯ ಕಾಲವು ಸಮೀಪಿಸಿತೆಂಬುದನ್ನು ತಿಳಿಯುವುದು ಕಷ್ಟವಲ್ಲ. ಮೊದಲು ಮೈಯ ಬಣ್ಣವು ಕಳೆಗುಂದುತ್ತದೆ. ಹೊಟ್ಟೆಯ ಭಾಗವು ನಸುಗೆಂಪಾಗಿ ಕಾಣುತ್ತದೆ. ಬಳಿಕ ಕಣ್ಣುಗಳು ಹಾಲು ಬೆರೆತ ನೀಲಿಬಣ್ಣಕ್ಕೆ ತಿರುಗುತ್ತವೆ. ಎರಡು ಪದರಗಳ ನಡುವೆ ದ್ರವವು ತುಂಬಿಕೊಂಡಿರುವುದೇ ಇದಕ್ಕೆ ಕಾರಣ. ಕೆಲವು ದಿನ ಹೀಗಿದ್ದು ಕಣ್ಣು ಮತ್ತೆ ತಿಳಿಯಾಗುತ್ತದೆ. ಇಲ್ಲಿ ಹೊಸಬರು ಮೋಸಹೋಗುತ್ತಾರೆ. ಕಣ್ಣು ತಿಳಿಯಾಯಿತು, ಪೊರೆಯ ಕಾಲ ಮುಗಿಯಿತು ಎಂದುಕೊಂಡು ಹಾವನ್ನು ಕೈಗೆತ್ತಿಕೊಳ್ಳುತ್ತಾರೆ. ನಿಜವಾಗಿ ಪೊರೆ ಕಳಚುವುದು ತಿಳಿಯಾದ ಮೂರು ನಾಲ್ಕು ದಿನಗಳ ಮೇಲೆ. ಒಮ್ಮೊಮ್ಮೆ ಒಂದು ವಾರವೂ ಹಿಡಿಯಬಹುದು. ಮೈ ಕಳೆಗುಂದುವುದು ಮೊದಲ್ಗೊಂಡು ಪೊರೆ ಬೀಳುವವರೆಗೆ ಒಂದರಿಂದ ಎರಡು ವಾರಗಳೆಂದು ಲೆಕ್ಕವಿಟ್ಟುಕೊಳ್ಳಬಹುದು.

ಈ ದಿನಗಳಲ್ಲಿ ಹಾವಿಗೆ ಕಣ್ಣು ಸರಿಯಾಗಿ ಕಾಣಿಸದು. ಎದುರಿಗೆ ಬಂದ ಕೈ ಮಿತ್ರನದೋ ಶತ್ರುವಿನದೋ ತಿಳಿಯದೆ, ಎಂದೂ ಕಚ್ಚದ ಹಾವೂ ಕಚ್ಚಲು ಬರಬಹುದು. ಹೊಸ ಚರ್ಮವೂ ಇನ್ನೂ ಎಳೆಯದಾಗಿರುತ್ತದೆ. ಆದಕಾರಣ ಅದನ್ನು ಕೈಯಲ್ಲಿ ಹಿಡಿಯುವುದು, ಅತಿಥಿಗಳಿಗೆ ತೋರಿಸುವುದು, ಮಕ್ಕಳ ಕೊರಳಿಗೆ ಹಾಕುವುದು, ಇವನ್ನೆಲ್ಲ ಪೊರೆ ಬೀಳುವವರೆಗೆ ನಿಲ್ಲಿಸತಕ್ಕದ್ದು. ಆಹಾರವನ್ನೂ ಅದು ಆಗ ಮುಟ್ಟದಿರಬಹುದು. ಮನೆಯಲ್ಲಿ ಮಗು ಊಟ ಬಿಟ್ಟರೆ ತಾಯಿ ಗಾಬರಿಯಾಗುವಂತೆ ಇಲ್ಲಿ ಗಾಬರಿಯಾಗಬೇಕಾದುದಿಲ್ಲ. ಪೊರೆ ಬಿದ್ದ ಮೇಲೆ ಹಸಿವು ತಾನಾಗಿ ಬರುವುದು.

ಹೊತ್ತು ಬಂದಾಗ ಹಾವು ತನ್ನ ಮೂತಿಯನ್ನು ಕಲ್ಲಿಗೋ ಕೊಂಬೆಗೋ ಉಜ್ಜುತ್ತದೆ. ತುಟಿಯ ಅಂಚಿನಲ್ಲಿ ಪೊರೆ ಬಿರಿಯುತ್ತದೆ. ಆ ಬಿರಿದ ಅಂಚನ್ನು ಒರಟಾದ ವಸ್ತುವಿಗೆ ಸಿಕ್ಕಿಸಿ ಹಾವು ಮುಂದೆ ಮುಂದೆ ಹರಿದುಹೋದಂತೆಲ್ಲ, ಕಾಲುಚೀಲವನ್ನು ಮೇಲಿನಿಂದ ಸುರುಳಿಸಿ ತೆಗೆದಂತೆ, ಪೊರೆಯು ಒಳಮೈ ಹೊರಗಾಗಿ ಹಿಂದೆ ಉಳಿಯುತ್ತದೆ. ಪೊರೆಯನ್ನು ಅಳೆದರೆ ಅದು ಹಾವಿಗಿಂತ ಉದ್ದವಾಗಿರುವುದು ಕಂಡುಬರುತ್ತದೆ. ಹುರುಪೆಗಳ ನಡುವೆ ಮಡಿಸಿಕೊಂಡಿದ್ದ ಚರ್ಮವು ಬಿಚ್ಚಿಕೊಂಡು ಹಿಗ್ಗುವುದೇ ಅದಕ್ಕೆ ಕಾರಣ. ಪೊರೆ ನೋಡಿ ಹಾವಿನ ಉದ್ದವನ್ನು ಹೇಳಿ ಊರವರನ್ನು ಬೆದರಿಸುವವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಸುಲಭವಾಗಿ ನಡೆಯಬೇಕಾದ ಕಾರ್ಯಕ್ಕೆ ವಿಘ್ನವೇಕೆ ಬರುತ್ತದೆ? ಮುಖ್ಯವಾದ ಕಾರಣ ಒಣಗಾಳಿ. ಹಳೆಯ ಪದರವು ಮೆತ್ತಗಿದ್ದರೆ ಇಡಿಯಾಗಿ ಸುರುಳಿ ಬರುತ್ತದೆ. ಒಣಗಿದರೆ ಹಪ್ಪಳದಂತೆ ಬಿರಿದು ತುಂಡಾಗಿ ಮೈಗೆ ಅಂಟುತ್ತದೆ. ಉತ್ತರ ಅಮೆರಿಕೆಯ ಚಳಿಗಾಲದಲ್ಲಿ ಹೊರಗಿನ ಗಾಳಿ ಹಿಡಿದಿಡಬಲ್ಲ ತೇವವೇ ಸ್ವಲ್ಪ. ಅದನ್ನು ಮನೆಯೊಳಗೆ ತಂದು ಯಂತ್ರದಿಂದ ಕಾಯಿಸಿದಾಗ ಅದು ಇನ್ನೂ ಒಣಗಾಳಿಯಾಗುತ್ತದೆ. ಆ ಸೋದರಿಯ ತುಟಿಯನ್ನೂ ಮಕ್ಕಳ ಕೆನ್ನೆಯನ್ನೂ ಒಡೆಯಿಸುವ ಗಾಳಿಯೇ ಹಾವಿನ ಪೊರೆಯನ್ನೂ ಒಡೆಯಿಸಿದೆ. ಫ್ಲಾರಿಡಾದ ಒದ್ದೆ ನೆಲಕ್ಕೆ ಹುಟ್ಟಿದ ಜೀವವು ಹಿಮದ ನಾಡಿನ ಬಿಸಿ ಕೋಣೆಯಲ್ಲಿ ಸಿಕ್ಕಿಕೊಂಡಿದೆ, ಅಷ್ಟೆ. ಮತ್ತೆ ಕೆಲವು ಕಾರಣಗಳೂ ಉಂಟು: ಕುಡಿಯುವ ನೀರಿನ ಕೊರತೆ, ಮೈಯುಜ್ಜಲು ಒರಟಾದ ವಸ್ತುವಿಲ್ಲದಿರುವುದು, ಹಳೆಯ ಗಾಯದ ಕಲೆ, ಆಹಾರದ ಕೊರತೆ, ಒಳರೋಗ, ಚರ್ಮದ ಮೇಲೆ ಸೇರುವ ಉಣ್ಣಿಯಂಥ ಸಣ್ಣ ಹುಳುಗಳು. ಈ ಹುಳುಗಳು ಕಣ್ಣಿನ ಸುತ್ತಲೂ ಗದ್ದದ ಕೆಳಗೂ ಕಪ್ಪು ಚುಕ್ಕೆಗಳಂತೆ ಕಾಣುತ್ತವೆ. ನೀರಿನ ಬಟ್ಟಲಲ್ಲಿ ಸತ್ತು ತೇಲುವುದೂ ಉಂಟು. ಇವು ಕಂಡರೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ಇನ್ನು ಮನೆಯವರು ಮಾಡತಕ್ಕ ಕಾರ್ಯಗಳನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದಾಗಿ, ಪೆಟ್ಟಿಗೆಯಲ್ಲಿ ತೇವವನ್ನು ಅಳೆಯುವ ಹೈಗ್ರೋಮೀಟರನ್ನು ಇಡಬೇಕು. ಕೈಯಿಂದ ಮುಟ್ಟಿ ನೋಡಿ ಹೇಳುವ ಅಂದಾಜು ಸಾಲದು. ಕಾರ್ನ್ ಹಾವಿಗೆ ಸಾಮಾನ್ಯ ದಿನಗಳಲ್ಲಿ ನೂರಕ್ಕೆ 40ರಿಂದ 60ರವರೆಗೆ ತೇವವಿದ್ದರೆ ಸಾಕು. ಮೈ ಕಳೆಗುಂದಿದ ದಿನದಿಂದ 60 ಅಥವಾ 70ಕ್ಕೆ ಏರಿಸಬೇಕು. ನೀರಿನ ಬಟ್ಟಲು ಹಾವು ಒಳಗೆ ಸುತ್ತಿಕೊಂಡು ಕೂರುವಷ್ಟು ಅಗಲವಾಗಿರಲಿ. ಅದನ್ನು ಪೆಟ್ಟಿಗೆಯ ಬಿಸಿಯಾದ ಭಾಗಕ್ಕೆ ಸರಿಸಿದರೆ ನೀರು ಹೆಚ್ಚಾಗಿ ಆವಿಯಾಗುವುದು.

ಎರಡನೆಯದಾಗಿ, ಒಂದು ತೇವದ ಗೂಡನ್ನು ಮಾಡಿಕೊಡಬೇಕು. ಇದಕ್ಕೆ ಹಣ ಖರ್ಚಾಗಬೇಕಾದುದಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದುಕೊಂಡು, ಹಾವು ನುಸುಳುವಷ್ಟು ದೊಡ್ಡ ಕಂಡಿಯನ್ನು ಕೊರೆದು, ಕಂಡಿಯ ಅಂಚನ್ನು ಕೈಗೆ ತಗುಲದಂತೆ ನುಣುಪು ಮಾಡಬೇಕು. ಒಳಗೆ ಸ್ಫ್ಯಾಗ್ನಂ ಎಂಬ ಹಾವಸೆಯನ್ನಾಗಲಿ, ಅದು ದೊರೆಯದಿದ್ದರೆ ಬಣ್ಣವಿಲ್ಲದ ಮೆತ್ತನೆಯ ಕಾಗದವನ್ನಾಗಲಿ, ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ ಹಾಸಬೇಕು. ಹಾವು ತನಗೆ ಬೇಕಾದಾಗ ಒಳಗೆ ಹೋಗುತ್ತದೆ, ಸಾಕಾದಾಗ ಹೊರಗೆ ಬರುತ್ತದೆ. ಹಾಸನ್ನು ಆಗಾಗ್ಗೆ ಬದಲಾಯಿಸದಿದ್ದರೆ ಬೂಷ್ಟು ಹಿಡಿಯುವುದು. ಇಡೀ ಪೆಟ್ಟಿಗೆಯನ್ನೇ ಕೆಸರು ಮಾಡಿದರೆ ಹೊಟ್ಟೆಯ ಹುರುಪೆಗಳಲ್ಲಿ ಬೊಬ್ಬೆಯೆದ್ದು ಕೊಳೆಯುವ ರೋಗ ಬರುತ್ತದೆ. ಗೂಡು ತೇವವಾಗಿರಲಿ, ನೆಲ ಒಣಗಿರಲಿ, ಗಾಳಿಯಾಡಲಿ.

ಮೂರನೆಯದಾಗಿ, ಉಜ್ಜಿಕೊಳ್ಳಲು ಒರಟಾದ ಕೊಂಬೆಯೊಂದನ್ನೂ ಚೂಪಿಲ್ಲದ ಕಲ್ಲೊಂದನ್ನೂ ಇಡಬೇಕು. ಪೆಟ್ಟಿಗೆಯ ಒಂದು ತುದಿ ಫ್ಯಾರನ್‌ಹೀಟ್ 85 ಡಿಗ್ರಿಗೆ ಸ್ವಲ್ಪ ಮೇಲೆಯೂ, ಇನ್ನೊಂದು ತುದಿ 75ರ ಸುಮಾರಿಗೂ ಇದ್ದರೆ ಹಾವು ತನಗೆ ಹಿತವಾದ ಕಡೆಯನ್ನು ಆರಿಸಿಕೊಳ್ಳುವುದು. ಇಷ್ಟನ್ನು ಒದಗಿಸಿದ ಮೇಲೆ ಸುಮ್ಮನಿರುವುದೇ ಮನೆಯವರ ಕೆಲಸ. ಇದು ಹೇಳುವಷ್ಟು ಸುಲಭವಲ್ಲವೆಂದು ಬಲ್ಲೆವು. ಪ್ರೀತಿಯುಳ್ಳವರ ಕೈ ಸುಮ್ಮನಿರದು.

ಪೊರೆ ಬಿದ್ದ ದಿನ ಅದನ್ನು ಎಸೆಯದೆ ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ತಲೆಯ ಭಾಗದಲ್ಲಿ ಕಣ್ಣಿನ ಎರಡು ದುಂಡನೆಯ ಮುಚ್ಚಳಗಳಿವೆಯೇ? ಬಾಲದ ಮೊನೆ ಪೂರ್ತಿಯಾಗಿ ಬಂದಿದೆಯೇ? ಇವೆರಡೂ ಇದ್ದರೆ ಸಂತೋಷಪಡಬಹುದು. ಹುಡುಗನು ಆ ಪೊರೆಯನ್ನು ಹಲಗೆಯ ಮೇಲೆ ಹರಡಿ ದಿನಾಂಕವನ್ನು ಬರೆದಿಟ್ಟರೆ, ತನ್ನ ಹಾವಿನ ಬೆಳವಣಿಗೆಯ ದಾಖಲೆ ತಾನಾಗಿಯೇ ಸಿದ್ಧವಾಗುತ್ತದೆ.

ಮೈಮೇಲೆ ಚೂರುಗಳು ಉಳಿದುಕೊಂಡಿದ್ದರೆ, ಮೊದಲು ಒಂದೆರಡು ದಿನ ತೇವದ ಗೂಡಿನಲ್ಲಿಯೇ ಬಿಟ್ಟು ನೋಡಬೇಕು. ಅದರಿಂದ ಹೋಗದಿದ್ದರೆ ಸ್ನಾನ. ಅಗಲವಾದ ಪಾತ್ರೆಯಲ್ಲಿ 80ರಿಂದ 85 ಡಿಗ್ರಿಯ ಉಗುರುಬೆಚ್ಚಗಿನ ನೀರನ್ನು ಹಾವಿನ ಮೈಯ ಅರ್ಧದಷ್ಟು ಮಾತ್ರ ಹಾಕಿ, 20ರಿಂದ 30 ಮಿನಿಟು ಅದರಲ್ಲಿ ಬಿಡಬೇಕು. ನಮ್ಮ ಕೈಗೆ ಹಿತವಾದ ಸ್ನಾನದ ಬಿಸಿ ಅದಕ್ಕೆ ಹೆಚ್ಚಾದುದು. ಆದ್ದರಿಂದ ಉಷ್ಣಮಾಪಕದಿಂದಲೇ ಅಳೆಯಬೇಕು. ಹಾವನ್ನು ನೀರಿನಲ್ಲಿ ಬಿಟ್ಟು ಯಾರೂ ಆಚೆ ಹೋಗಬಾರದು. ಆಮೇಲೆ ಒರಟಾದ ಒದ್ದೆ ಟವಲಿನ ಮಡಿಕೆಯೊಳಗೆ ಹಾವು ತಾನಾಗಿ ಹರಿದುಹೋಗುವಂತೆ ಬಿಟ್ಟರೆ, ನೆನೆದ ಚೂರುಗಳು ಟವಲಿಗೆ ಅಂಟಿಕೊಂಡು ಬರುತ್ತವೆ. ಬಾರದಿದ್ದರೆ ಎಳೆಯದೆ ಮರುದಿನ ಇದನ್ನೇ ಮಾಡಬೇಕು. ಎಣ್ಣೆ ಸವರುವುದು ನಮ್ಮವರಿಗೆ ಮೊದಲು ಹೊಳೆಯುವ ಉಪಾಯ. ಇಲ್ಲಿ ಅದು ಬೇಡ. ಮಗುವಿನ ಮೈಗೆ ಹರಳೆಣ್ಣೆ ಹಚ್ಚಿದಂತೆ ಹಾವಿಗೆ ಹಚ್ಚುವುದಕ್ಕಿಲ್ಲ.

ಬಾಲದ ತುದಿಯ ಉಂಗುರವನ್ನು ಮಾತ್ರ ಅಲಕ್ಷ್ಯ ಮಾಡಕೂಡದು. ಬೆರಳಿಗೆ ದಾರವನ್ನು ಬಿಗಿಯಾಗಿ ಸುತ್ತಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಒಣಗಿದ ಪೊರೆ ಬಿಗಿದು ರಕ್ತದ ಹರಿವನ್ನು ತಡೆಯುತ್ತದೆ. ಬಾಲದ ಮೊನೆ ಕಪ್ಪಾಗಿ, ಸತ್ತು, ಉದುರಿಹೋಗಬಹುದು. ಸ್ನಾನದ ತರುವಾಯ ಒದ್ದೆ ಹತ್ತಿಯಿಂದ ಬಾಲದ ಬುಡದಿಂದ ಮೊನೆಯ ಕಡೆಗೆ ಮೆಲ್ಲನೆ ಒತ್ತಿ ಸವರಬೇಕು. ಎರಡು ಮೂರು ದಿನಗಳಲ್ಲಿ ಬಿಡದಿದ್ದರೂ, ತುದಿಯ ಬಣ್ಣವು ಬದಲಾದರೂ, ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು.

ಈಗ ಕಣ್ಣಿನ ವಿಷಯ. ಹಾವಿಗೆ ನಮ್ಮಂತೆ ಮುಚ್ಚಿ ತೆರೆಯುವ ರೆಪ್ಪೆಗಳಿಲ್ಲ. ಗಡಿಯಾರದ ಮುಖಕ್ಕೆ ಗಾಜು ಹಾಕಿದಂತೆ, ಕಣ್ಣಿನ ಮೇಲೆ ಪಾರದರ್ಶಕವಾದ ಮುಚ್ಚಳವೊಂದು ಸದಾ ಇರುತ್ತದೆ. ಹಾವು ಎವೆಯಿಕ್ಕದೆ ನೋಡುತ್ತದೆಂದು ಜನರು ಹೆದರುವುದಕ್ಕೆ ಇದೇ ಕಾರಣ. ಈ ಮುಚ್ಚಳವೂ ಚರ್ಮದ ಭಾಗವಾದುದರಿಂದ ಪ್ರತಿ ಸಲವೂ ಪೊರೆಯೊಡನೆ ಕಳಚಿ, ಕೆಳಗಿನ ಹೊಸ ಮುಚ್ಚಳವು ಮೇಲೆ ಬರುತ್ತದೆ. ಒಣಗಾಳಿಯಿಂದ ಹಳೆಯದು ಉಳಿದುಕೊಂಡಾಗ ಅದಕ್ಕೂ ಹೊಸದಕ್ಕೂ ನಡುವೆ ಕೂದಲೆಳೆಯಷ್ಟೂ ಎಡೆಯಿರುವುದಿಲ್ಲ. ಚಿಮಟವು ಹಳೆಯದನ್ನು ಹಿಡಿಯಿತೋ ಹೊಸದನ್ನೂ ಕೂಡಿಸಿ ಹಿಡಿಯಿತೋ ಹೊರಗಿನಿಂದ ನೋಡುವವರಿಗೆ ತಿಳಿಯದು. ಹೊಸದು ಹರಿದರೆ ಒಳಗಿನ ಕಣ್ಣು ಬರಿದಾಗಿ, ಒಣಗಿ, ಕೀವು ತುಂಬಿ, ಕಡೆಗೆ ಕಣ್ಣೇ ಹೋಗುತ್ತದೆ. ಅದು ಮತ್ತೆ ಬಾರದು. ಅಲ್ಲದೆ ಕಣ್ಣಿನ ಮೇಲೆ ಕಾಣುವ ಪ್ರತಿಯೊಂದು ಮಬ್ಬೂ ಸುಕ್ಕೂ ಹಳೆಯ ಮುಚ್ಚಳವೇ ಆಗಿರಬೇಕೆಂದಿಲ್ಲ. ಬೇರೆ ರೋಗಗಳಿಂದಲೂ ಹಾಗೆ ಕಾಣಬಹುದು. ಇಲ್ಲದ ಮುಚ್ಚಳವನ್ನು ಕೀಳಲು ಹೋಗಿ ಇರುವ ಕಣ್ಣನ್ನು ಕಳೆದಂತಾಗುತ್ತದೆ.

ಹೀಗಿರುವುದರಿಂದ ಆ ಸೋದರಿಗೆ ನಮ್ಮ ಸಲಹೆ ಇಷ್ಟು. ಪೆಟ್ಟಿಗೆಯ ತೇವವನ್ನು ಇಂದೇ ಹೆಚ್ಚಿಸಿ, ತೇವದ ಗೂಡನ್ನು ಇಟ್ಟುಬಿಡಿ. ಬಾಲದ ತುದಿಗೆ ಮೇಲೆ ಹೇಳಿದ ಉಪಚಾರವನ್ನು ಮಾಡಿ. ಕಣ್ಣನ್ನು ಮುಟ್ಟದೆ ಮುಂದಿನ ಪೊರೆಯವರೆಗೆ ಕಾಯಿರಿ. ತೇವವು ಸರಿಯಾಗಿದ್ದರೆ ಅನೇಕ ಸಲ ಹಳೆಯ ಮುಚ್ಚಳವು ಹೊಸ ಪೊರೆಯೊಡನೆ ತಾನಾಗಿ ಬಂದುಬಿಡುತ್ತದೆ. ಈ ನಡುವೆ ಕಣ್ಣು ಊದಿದರೆ, ನೀರು ಅಥವಾ ಕೀವು ಕಂಡರೆ, ಎರಡನೆಯ ಸಲವೂ ಮುಚ್ಚಳವು ಉಳಿದರೆ, ವೈದ್ಯರೇ ನೋಡಬೇಕು. ಹುಡುಗನಿಗೆ ಬೈಯಬೇಡಿ. ದಿನಕ್ಕೆರಡು ಸಲ ಹೈಗ್ರೋಮೀಟರಿನ ಅಂಕೆಯನ್ನು ಬರೆದಿಡುವ ಕೆಲಸವನ್ನು ಅವನಿಗೆ ಒಪ್ಪಿಸಿ. ಅಳುವ ಮಗುವಿಗೆ ಮಾಡಲು ಕೆಲಸವೊಂದಿದ್ದರೆ ಅದರ ದುಃಖವು ಅರ್ಧ ಇಳಿಯುತ್ತದೆ.

ಗೃಹಿಣಿಯರಿಗೆ ಮತ್ತೊಂದು ಎಚ್ಚರಿಕೆಯನ್ನು ಹೇಳದಿದ್ದರೆ ನಮ್ಮ ಕರ್ತವ್ಯವು ಪೂರ್ಣವಾಗದು. ಆರೋಗ್ಯವಾಗಿ ಕಾಣುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣುಗಳಿರಬಹುದು. ಅವು ಮನುಷ್ಯರಲ್ಲಿ ಜ್ವರವನ್ನೂ ಭೇದಿಯನ್ನೂ ಉಂಟುಮಾಡುತ್ತವೆ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೂ ವೃದ್ಧರಿಗೂ ಅಪಾಯ ಹೆಚ್ಚು. ಹಾವನ್ನಾಗಲಿ ಅದರ ಪೊರೆಯನ್ನಾಗಲಿ ಮುಟ್ಟಿದ ಕೂಡಲೆ ಸಾಬೂನಿನಿಂದ ಕೈ ತೊಳೆಯಬೇಕು. ಹಾವಿನ ಸ್ನಾನದ ಪಾತ್ರೆ ಅದಕ್ಕೇ ಮೀಸಲಾಗಿರಲಿ; ಅದು ಅಡಿಗೆಮನೆಯನ್ನು ಹೊಗಕೂಡದು, ಅಡಿಗೆಮನೆಯ ತೊಟ್ಟಿಯಲ್ಲಿ ಅದನ್ನು ತೊಳೆಯಲೂ ಕೂಡದು.

ಊರಿನಲ್ಲಿರುವ ನಮ್ಮ ವಾಚಕರಿಗೂ ಇದರಿಂದ ತಿಳಿಯಬೇಕಾದುದೊಂದುಂಟು. ಹಿತ್ತಿಲ ಕಲ್ಲುರಾಶಿಯ ಬಳಿ ಮೈ ಮಬ್ಬಾಗಿ, ಕಣ್ಣು ನೀಲಿಯಾಗಿ, ಅಲುಗದೆ ಬಿದ್ದಿರುವ ಹಾವು ಕಂಡರೆ ಅದು ರೋಗಿಯೆಂದಾಗಲಿ ಸಾಯುತ್ತಿದೆಯೆಂದಾಗಲಿ ತಿಳಿಯಬೇಡಿ. ಅದು ಪೊರೆಯ ಕಾಲದಲ್ಲಿರುವ ಹಾವು. ಕಣ್ಣು ಕಾಣದೆ ಅಂಜಿರುವುದರಿಂದ ಎಂದಿಗಿಂತ ಬೇಗ ಕಚ್ಚಬಹುದು. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಂಡು, ಅದನ್ನು ಅದರ ಪಾಡಿಗೆ ಬಿಡಿ. ಬೆಳಗಿನ ಇಬ್ಬನಿಯೂ ಒದ್ದೆ ಮಣ್ಣೂ ಒರಟು ಕಲ್ಲೂ ಅದಕ್ಕೆ ಅಲ್ಲಿಯೇ ಇವೆ. ಪೆಟ್ಟಿಗೆಯೊಳಗಿನ ಹಾವಿಗೆ ಇವಿಲ್ಲ. ಅವನ್ನು ತಂದುಕೊಡುವುದಷ್ಟೇ ಸಾಕಿದವರ ಹೊಣೆ. ಪೊರೆಯನ್ನು ಹಾವೇ ಬಿಡಬೇಕು.